ಹೆಬ್ಬಾತಿನ ಭಾಷೆಗೆ ನಾಲ್ಕೇ ಅಕ್ಷರ

ವೇದಿಕೆಯ ಮೇಲೆ ಸ್ಪರ್ಧಿಯೊಬ್ಬ ಬಂದು ನಿಲ್ಲುತ್ತಾನೆ. ತೀರ್ಪುಗಾರರಿಗೆ ಅವನ ಹೆಸರು ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಅವನ ಮುಖವೂ ಅವರಿಗೆ ಕಾಣುವುದಿಲ್ಲ. ಏಕೆಂದರೆ ಅವರೆಲ್ಲ ಪರದೆಯ ಮರೆಯಲ್ಲಿ ಕುಳಿತಿದ್ದಾರೆ. ಸ್ಪರ್ಧಿಯ ಕೈಯಲ್ಲಿ ಗೇಣುದ್ದಕ್ಕಿಂತ ಚಿಕ್ಕದಾದ ಒಂದು ಕೊಳವೆ. ಅದನ್ನು ತುಟಿಗಿಟ್ಟು 90 ಸೆಕೆಂಡು ಊದಿ ಅವನು ಕೆಳಗಿಳಿಯುತ್ತಾನೆ. ಅಷ್ಟು ಹೊತ್ತು ಕಣ್ಣು ಮುಚ್ಚಿ ಕುಳಿತವರಿಗೆ, ಹೆಬ್ಬಾತುಗಳ ಒಂದು ಹಿಂಡೇ ತಲೆಯ ಮೇಲೆ ಸುತ್ತು ಹೊಡೆದು ನೆಲಕ್ಕಿಳಿದಂತೆ ಭಾಸವಾಗುತ್ತದೆ!

ಇದು ಹೆಬ್ಬಾತು ಕರೆಯುವ ವಿಶ್ವ ಚಾಂಪಿಯನ್‌ಷಿಪ್. ನಡೆಯುವುದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಈಸ್ಟನ್ ಎಂಬ ಸಣ್ಣ ಪಟ್ಟಣದಲ್ಲಿ. ಚೆಸಪೀಕ್ ಕೊಲ್ಲಿಯ ಪೂರ್ವ ದಂಡೆಗೆ ಸೇರಿದ ಈ ಊರಿನಲ್ಲಿ 1971ರಲ್ಲಿ ನೀರುಹಕ್ಕಿಗಳ ಹೆಸರಿನಲ್ಲಿ ಹಬ್ಬವೊಂದು ಆರಂಭವಾಯಿತು. ನವೆಂಬರ್ ತಿಂಗಳಲ್ಲಿ, ಉತ್ತರದಿಂದ ಹೆಬ್ಬಾತುಗಳು ಬಂದಿಳಿಯುವ ಕಾಲಕ್ಕೆ ಸರಿಯಾಗಿ ಈ ಹಬ್ಬ. ಚಿತ್ರಕಲೆ, ಮರದ ಹಕ್ಕಿಗಳ ಕೆತ್ತನೆ ಇವೆಲ್ಲದರ ಜೊತೆಗೆ ಜನ ಕಾದು ಕೂರುವುದು ಈ ಕರೆಯುವ ಸ್ಪರ್ಧೆಗೆ. ಕಿರಿಯರಿಗೂ ಅಲ್ಲಿ ಪ್ರತ್ಯೇಕ ಸ್ಪರ್ಧೆಯಿದೆ.

ಹಕ್ಕಿಯಂತೆ ಕೂಗುವುದು ಅಷ್ಟೇನು ದೊಡ್ಡ ವಿದ್ಯೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಕಲಿಯಲು ಹೊರಟವರಿಗೆ ಮೊದಲು ಸಿಗುವ ಪಾಠವೇ ಬೇರೆ. ಊದುವುದಕ್ಕೆ ಮೊದಲು ಕೇಳಬೇಕು ಎಂಬುದೇ ಆ ಪಾಠ.

ಮೊಟ್ಟೆಯೊಳಗಿನಿಂದಲೇ ಮಾತು

ಕಪ್ಪು ಕೊರಳು, ಕಪ್ಪು ತಲೆ, ಕೆನ್ನೆಯಿಂದ ಗದ್ದದವರೆಗೆ ಕಟ್ಟಿದ ಬಿಳಿ ಪಟ್ಟಿ. ಇದು ಕೆನಡಾ ಹೆಬ್ಬಾತಿನ ಗುರುತು. ಕೆನಡಾದ ಉತ್ತರದ ಬಯಲುಗಳಲ್ಲಿ ಬೇಸಿಗೆ ಕಳೆದು, ಚಳಿ ಬಿದ್ದಾಗ ಇಂಗ್ಲಿಷಿನ ‘ವಿ’ ಅಕ್ಷರದ ಸಾಲು ಕಟ್ಟಿ ದಕ್ಷಿಣಕ್ಕೆ ಹಾರಿಬರುತ್ತದೆ.

ಇದು ಕುಟುಂಬವತ್ಸಲ ಹಕ್ಕಿ. ಜೋಡಿಯಾದ ಗಂಡು ಹೆಣ್ಣುಗಳು ಸಾಮಾನ್ಯವಾಗಿ ಬದುಕಿರುವವರೆಗೂ ಜೊತೆಗಿರುತ್ತವೆ. ಆ ವರ್ಷದ ಮರಿಗಳು ಮೊದಲ ಚಳಿಗಾಲವನ್ನು ತಂದೆತಾಯಿಯ ಜೊತೆಯಲ್ಲೇ ಕಳೆಯುತ್ತವೆ. ದಕ್ಷಿಣದ ದಾರಿ ಯಾವುದು, ಎಲ್ಲಿ ಇಳಿಯಬೇಕು, ಎಲ್ಲಿ ಮೇವು ಎಂಬುದನ್ನು ಅವು ಕಲಿಯುವುದು ಹಿರಿಯರ ಬೆನ್ನು ಹತ್ತಿಯೇ. ಹೀಗೆ ಸಂಸಾರ ಕಟ್ಟಿಕೊಂಡು ದೂರದೂರಿಗೆ ಹೊರಟ ಹಕ್ಕಿಗೆ ಮಾತು ಬೇಕೇ ಬೇಕು. ಕತ್ತಲಲ್ಲಿ, ಮಂಜಿನಲ್ಲಿ ಒಂದನ್ನೊಂದು ತಪ್ಪಿಸಿಕೊಳ್ಳದಿರಲು ಅವು ಸದಾ ಕೂಗಾಡುತ್ತಿರುತ್ತವೆ. ಮರಿಗಳಂತೂ ಮೊಟ್ಟೆಯೊಡೆಯುವ ಮೊದಲೇ ಒಳಗಿನಿಂದ ಚಿಂವ್‌ಗುಟ್ಟುತ್ತವೆ. ತಾಯಿ ಹೊರಗಿನಿಂದ ಉತ್ತರಿಸುತ್ತದೆ.

ಬೇಟೆಗಾರ ಕಲಿಯುವುದು ಈ ಮನೆಮಾತನ್ನು. ಜೋಳದ ಕೊಯ್ಲು ಮುಗಿದ ಹೊಲದಲ್ಲಿ ಬೊಂಬೆ ಹೆಬ್ಬಾತುಗಳನ್ನು ಹರಡಿ, ಹುಲ್ಲಿನ ಮರೆಯಲ್ಲಿ ಅವಿತು, ಆಕಾಶದಲ್ಲಿ ಹೋಗುವ ಹಿಂಡನ್ನು ‘ಇಲ್ಲಿ ಮೇವಿದೆ, ಭಯವಿಲ್ಲ, ಇಳಿಯಿರಿ’ ಎಂದು ಕರೆಯುತ್ತಾನೆ. ಹಕ್ಕಿಯ ಭಾಷೆಯಲ್ಲಿ ಹೇಳುವ ಸುಳ್ಳು ಅದು. ಆದ್ದರಿಂದಲೇ ಉಚ್ಚಾರದಲ್ಲಿ ತಪ್ಪಾದರೆ ಹಿಂಡು ದಾರಿ ಬದಲಿಸಿಬಿಡುತ್ತದೆ.

ತೆಂಗಿನಗರಿಯ ಪೀಪಿಯ ಬಂಧು

ಹೆಬ್ಬಾತು ಕರೆಯುವ ಸಾಧನವನ್ನು ಅಲ್ಲಿನವರು ‘ಕಾಲ್’ ಎನ್ನುತ್ತಾರೆ. ಹಳ್ಳಿಯ ಮಕ್ಕಳು ತೆಂಗಿನಗರಿ ಸುತ್ತಿ ಮಾಡುವ ಪೀಪಿಯನ್ನು ಬಲ್ಲವರಿಗೆ ಅದರ ತತ್ವ ಹೊಸದಲ್ಲ. ಕೊಳವೆಯ ಒಳಗೆ ತೆಳುವಾದ ಪ್ಲಾಸ್ಟಿಕ್ಕಿನ ರೀಡು ಇರುತ್ತದೆ. ಉಸಿರು ತಾಗಿದಾಗ ಅದು ಕಂಪಿಸಿ ಸದ್ದು ಹೊರಡುತ್ತದೆ. ಕೊಳವೆಯನ್ನು ಮರದಿಂದಲೋ ಅಕ್ರಿಲಿಕ್ಕಿನಿಂದಲೋ ಮಾಡುತ್ತಾರೆ.

ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಉದ್ದನೆಯ ‘ಫ್ಲೂಟ್’. ಇದರ ದನಿ ಮೃದು, ಕಲಿಯುವುದೂ ಸುಲಭ. ಎರಡನೆಯದು ‘ಶಾರ್ಟ್ ರೀಡ್’. ಗಾತ್ರದಲ್ಲಿ ಚಿಕ್ಕದು, ಆದರೆ ಇಡೀ ಹಿಂಡಿನ ಗದ್ದಲವನ್ನು ಒಬ್ಬನೇ ಹೊರಡಿಸಬಲ್ಲಷ್ಟು ದನಿಗಳು ಇದರಲ್ಲಿವೆ. ಇಂದಿನ ಸ್ಪರ್ಧಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ಇದೇ. ಮೂರನೆಯದು ‘ಟ್ಯೂಬ್’. ಇದರಲ್ಲಿ ರೀಡಿನ ಬದಲು ಬಾಯಿಗೆ ಬಿಗಿದ ರಬ್ಬರಿನ ಹಾಳೆ ಇರುತ್ತದೆ. ಹಿಂದೆ ನಶ್ಯದ ಡಬ್ಬಿಯ ತಳ ಕತ್ತರಿಸಿ ಇದನ್ನು ಮಾಡಿಕೊಳ್ಳುತ್ತಿದ್ದರು. ಪಳಗುವುದು ಬಲು ಕಷ್ಟ.

ಇಲಿನಾಯ್ ರಾಜ್ಯದ ಪೆಕಿನ್ ಪಟ್ಟಣದ ಓಲ್ಟ್ ಎಂಬ ಸಂಸ್ಥೆ ತಯಾರಿಸುತ್ತಿದ್ದ ಗಟ್ಟಿ ರಬ್ಬರಿನ ಕಾಲ್‌ಗಳು ಒಂದು ಕಾಲದಲ್ಲಿ ಮನೆಮಾತಾಗಿದ್ದವು. ತಾತ ಬಳಸಿದ ಕಾಲ್ ಮೊಮ್ಮಗನ ಕೈಗೆ ಬರುವುದು ಅಲ್ಲಿನ ಬೇಟೆಯ ಕುಟುಂಬಗಳಲ್ಲಿ ಅಪರೂಪವಲ್ಲ.

ನಾಲ್ಕು ಅಕ್ಷರಗಳು

ಹೊಸಬರು ಮಾಡುವ ಮೊದಲ ತಪ್ಪು ಕೆನ್ನೆ ಉಬ್ಬಿಸಿ ಊದುವುದು. ನಾಗಸ್ವರದ ಗುರುಗಳು ಹೇಳುವಂತೆ ಇಲ್ಲಿಯೂ ಉಸಿರು ಹೊಟ್ಟೆಯಿಂದ ಬರಬೇಕು. ಕನ್ನಡಕ ಒರೆಸುವ ಮುನ್ನ ಗಾಜಿನ ಮೇಲೆ ‘ಹಾ...’ ಎಂದು ಬಿಸಿಯುಸಿರು ಬಿಡುತ್ತೇವಲ್ಲ, ಹಾಗೆ. ಒಂದು ಕೈ ಕೊಳವೆಯನ್ನು ಹಿಡಿಯುತ್ತದೆ. ಇನ್ನೊಂದು ಕೈ ತುದಿಯನ್ನು ಬೊಗಸೆಯಂತೆ ಮುಚ್ಚಿರುತ್ತದೆ. ಬೊಗಸೆ ಬಿಗಿ ಮಾಡಿದರೆ ಹೊರಹೋಗುವ ಗಾಳಿಗೆ ತಡೆಯುಂಟಾಗಿ ದನಿ ತಗ್ಗುತ್ತದೆ, ಸಡಿಲಿಸಿದರೆ ಬಿಚ್ಚಿಕೊಳ್ಳುತ್ತದೆ. ಉಸಿರು, ಗಂಟಲು, ನಾಲಗೆ, ಕೈ ಈ ನಾಲ್ಕೂ ಒಂದೇ ಗಳಿಗೆಗೆ ಕೂಡಿಬರಬೇಕು.

ಕಲಿಯಬೇಕಾದ ಮೂಲ ದನಿಗಳೂ ನಾಲ್ಕೇ.

ಮೊದಲನೆಯದು ‘ಮೋನ್’, ಅಂದರೆ ನರಳುವಂಥ ತಗ್ಗು ದನಿ. ಹೊಟ್ಟೆ ತುಂಬಿದ ಹಕ್ಕಿ ನಿಶ್ಚಿಂತೆಯಿಂದ ಎಳೆಯುವ ರಾಗ. ಉಸಿರನ್ನು ನಿಧಾನವಾಗಿ, ಒಂದೇ ಸಮನೆ ಬಿಟ್ಟರೆ ಇದು ಬರುತ್ತದೆ. ಸಂಗೀತದ ವಿದ್ಯಾರ್ಥಿಗೆ ಷಡ್ಜವಿದ್ದಂತೆ, ಉಳಿದದ್ದೆಲ್ಲ ಇದರ ಮೇಲೆ ನಿಲ್ಲಬೇಕು.

ಎರಡನೆಯದು ‘ಹಾಂಕ್’. ಊರ ಮೇಲೆ ಹಾರಿಹೋಗುವ ಹೆಬ್ಬಾತಿನಿಂದ ಎಲ್ಲರೂ ಕೇಳುವ ಕೂಗು ಇದು. ತಗ್ಗು ದನಿಯಲ್ಲಿ ಆರಂಭವಾಗಿ, ನಡುವೆ ಥಟ್ಟನೆ ಮುರಿದು ಎತ್ತರದ ದನಿಗೆ ನೆಗೆಯುತ್ತದೆ. ‘ಹೂ’ ಎಂದು ಆರಂಭಿಸಿ ಉಸಿರಿನ ಒತ್ತಡವನ್ನು ಒಮ್ಮೆಲೇ ಹೆಚ್ಚಿಸಿದಾಗ ರೀಡು ಮೇಲಿನ ದನಿಗೆ ಜಿಗಿಯುತ್ತದೆ. ಈ ಮುರಿತವೇ ಹೆಬ್ಬಾತಿನ ಸಹಿ. ಹೆಚ್ಚಿನವರು ದಿನಗಟ್ಟಲೆ, ಕೆಲವರು ವಾರಗಟ್ಟಲೆ ತಿಣುಕುವುದು ಇಲ್ಲಿಯೇ.

ಮೂರನೆಯದು ‘ಕ್ಲಕ್’. ಅದೇ ಹಾಂಕನ್ನು ಚುಟುಕು ಮಾಡಿ ತುದಿಯಲ್ಲಿ ಕತ್ತರಿಸಿದರೆ ಕ್ಲಕ್. ‘ವಿಟ್’ ಎಂದು ಹೇಳಿದಂತೆ ನಾಲಗೆಯಿಂದ ಗಾಳಿಯನ್ನು ಥಟ್ಟನೆ ನಿಲ್ಲಿಸಬೇಕು. ಶಾರ್ಟ್ ರೀಡ್ ಕಲಿಸುವವರು ಬಹುತೇಕ ಇದನ್ನೇ ಅಡಿಪಾಯ ಎನ್ನುತ್ತಾರೆ. ಒಂದು ಕ್ಲಕ್ ಶುದ್ಧವಾಗಿ ಬಂದ ಮೇಲೆ ಎರಡನ್ನು ಒತ್ತೊತ್ತಾಗಿ ಜೋಡಿಸಿದರೆ ಎರಡು ಹಕ್ಕಿಗಳು ಮಾತಾಡಿದಂತೆ ಕೇಳುತ್ತದೆ.

ನಾಲ್ಕನೆಯದು ‘ಮರ್ಮರ್’. ನೆಲದ ಮೇಲೆ ಮೇಯುವಾಗ ಹೆಬ್ಬಾತುಗಳು ತಮ್ಮತಮ್ಮಲ್ಲೇ ಮಾಡುವ ಗೊಣಗಾಟ. ಊದುವಾಗಲೇ ಗಂಟಲಿನಲ್ಲಿ ‘ಗುರ್ರ್’ ಎಂದು ಸಣ್ಣಗೆ ಸದ್ದು ಹೊರಡಿಸಿದರೆ ದನಿಗೆ ಆ ಒರಟುತನ ಬರುತ್ತದೆ.

ಅಕ್ಷರ ಕಲಿತವರು ವಾಕ್ಯ ಕಟ್ಟುವಂತೆ, ಈ ನಾಲ್ಕನ್ನು ಸೇರಿಸಿ ಉಳಿದುದನ್ನು ಕಟ್ಟುತ್ತಾರೆ. ದೂರದ ಹಿಂಡನ್ನು ಕಂಡಾಗ ಬಿಡಿಬಿಡಿಯಾದ ದೊಡ್ಡ ಹಾಂಕ್‌ಗಳು. ಹತ್ತಿರ ಬಂದಾಗ ಸಂಭ್ರಮದ ಕ್ಲಕ್‌ಗಳು. ಹಿಂಡು ಮನಸ್ಸು ಬದಲಿಸಿ ತಿರುಗಿ ಹೊರಟರೆ ‘ಹೋಗಬೇಡಿ, ಬನ್ನಿ’ ಎಂದು ಅಂಗಲಾಚುವ ವೇಗದ ಕರೆ. ರೆಕ್ಕೆ ಬಾಗಿಸಿ ಇಳಿಯತೊಡಗಿದಾಗ ಮರ್ಮರ್ ಮತ್ತು ಮೋನ್. ಸ್ಪರ್ಧೆಯ 90 ಸೆಕೆಂಡಿನಲ್ಲಿ ಸ್ಪರ್ಧಿ ಹೇಳುವುದು ಈ ಇಡೀ ಕಥೆಯನ್ನೇ. ಒಂದು ದನಿ ಒಡೆದರೂ, ಒಂದು ಕಡೆ ರೀಡು ಎಂಜಲಿಗೆ ಅಂಟಿಕೊಂಡರೂ ಪರದೆಯ ಹಿಂದಿನ ಕಿವಿಗಳಿಗೆ ಗೊತ್ತಾಗಿಬಿಡುತ್ತದೆ.

ಸುಮ್ಮನಿರುವುದೂ ಪಾಠ

ಅಭ್ಯಾಸದ ಕ್ರಮ ಸರಳ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಆದರೆ ದಿನವೂ ಬೇಕು. ಮೊದಲು ನಿಜವಾದ ಹೆಬ್ಬಾತಿನ ದನಿಯನ್ನು ಕೇಳಬೇಕು. ಅನಂತರ ತಾನು ಊದಿದ್ದನ್ನು ಧ್ವನಿಮುದ್ರಿಸಿಕೊಂಡು ಎರಡನ್ನೂ ಹೋಲಿಸಬೇಕು. ಮನೆಯವರ ನಿದ್ದೆ ಕೆಡಿಸದಿರಲು ಹಲವರು ಕಾರಿನಲ್ಲಿ ಕುಳಿತು ಅಭ್ಯಾಸ ಮಾಡುವುದುಂಟು! ಶಾರ್ಟ್ ರೀಡಿನ ಸದ್ದು ಸಣ್ಣದಲ್ಲ. ಮುಚ್ಚಿದ ಕೋಣೆಯಲ್ಲಿ ಊದಿದರೆ ಕಿವಿಗೂ ಒಳ್ಳೆಯದಲ್ಲ ಎಂಬುದನ್ನು ಅಲ್ಲಿನ ತಂದೆತಾಯಂದಿರು ಮಕ್ಕಳಿಗೆ ಹೇಳಬೇಕಾಗುತ್ತದೆ.

ನಾಲ್ಕು ದನಿ ಕೈವಶವಾದ ಮೇಲೆ ಬರುವುದೇ ನಿಜವಾದ ಪರೀಕ್ಷೆ. ಕಲಿತದ್ದನ್ನೆಲ್ಲ ಒಮ್ಮೆಗೇ ತೋರಿಸಬೇಕೆಂಬ ಆಸೆ ಹೊಸಬರಲ್ಲಿ ಸಹಜ. ಆದರೆ ಹೊಲದಲ್ಲಿ ಅತಿಯಾಗಿ ಕೂಗಿದವನ ಬಳಿ ಹಕ್ಕಿ ಇಳಿಯುವುದಿಲ್ಲ. ಹಿಂಡು ನೇರವಾಗಿ ತನ್ನತ್ತ ಬರುತ್ತಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ರೆಕ್ಕೆ ಓರೆಯಾಗಿ, ಬಾಲ ಕಾಣಿಸತೊಡಗಿದಾಗ ಮಾತ್ರ ಕರೆಯಬೇಕು. ಅನುಭವಿಗಳ ಈ ಸೂತ್ರದ ಸಾರ ಇಷ್ಟೇ: ಹಕ್ಕಿ ಏನು ಹೇಳುತ್ತಿದೆ ಎಂದು ನೋಡಿ, ಅದಕ್ಕೆ ತಕ್ಕ ಉತ್ತರ ಕೊಡಬೇಕು. ಹೀಗಾಗಿ ವೇದಿಕೆಯಲ್ಲಿ ಗೆದ್ದವರೆಲ್ಲ ಹೊಲದಲ್ಲೂ ಗೆಲ್ಲುತ್ತಾರೆಂಬ ಭರವಸೆಯಿಲ್ಲ.

ಕಾಯ್ದೆಯಿಂದ ಬೆಳೆದ ಕಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇಟೆಗಾರರಿಗೆ ಇಷ್ಟೆಲ್ಲ ಕಷ್ಟಪಡುವ ಅಗತ್ಯವಿರಲಿಲ್ಲ. ಅನೇಕರು ಸಾಕಿದ ಹೆಬ್ಬಾತುಗಳನ್ನೇ ಹೊಲದಲ್ಲಿ ಕಟ್ಟಿಹಾಕುತ್ತಿದ್ದರು. ಅವುಗಳ ಕೂಗಿಗೆ ಕಾಡಿನ ಹಿಂಡುಗಳು ಬಂದಿಳಿಯುತ್ತಿದ್ದವು. ಕಾಳು ಚೆಲ್ಲಿ ಆಸೆ ತೋರಿಸುವುದೂ ಇತ್ತು. ಹಕ್ಕಿಗಳ ಸಂಖ್ಯೆ ಕುಸಿಯಿತು.

ವಲಸೆ ಹಕ್ಕಿಗಳ ರಕ್ಷಣೆಗಾಗಿ 1916ರಲ್ಲಿ ಅಮೆರಿಕ ಮತ್ತು ಕೆನಡಾದ ಪರವಾಗಿ ಬ್ರಿಟನ್ ಒಪ್ಪಂದ ಮಾಡಿಕೊಂಡವು. 1918ರಲ್ಲಿ ಅಮೆರಿಕದಲ್ಲಿ ಕಾಯ್ದೆ ಬಂತು. 1934ರಿಂದ ನೀರುಹಕ್ಕಿ ಬೇಟೆಗಾರರು ‘ಡಕ್ ಸ್ಟ್ಯಾಂಪ್’ ಎಂಬ ಚೀಟಿ ಕೊಳ್ಳುವುದು ಕಡ್ಡಾಯವಾಯಿತು. ಅದರಿಂದ ಬರುವ ಹಣ ಜೌಗು ಪ್ರದೇಶಗಳನ್ನು ಕೊಂಡು ಉಳಿಸಲು ಹೋಗುತ್ತದೆ. 1935ರಲ್ಲಿ ಜೀವಂತ ಹಕ್ಕಿಯನ್ನು ಕಟ್ಟಿ ಕರೆಸುವುದನ್ನೂ ಕಾಳು ಚೆಲ್ಲುವುದನ್ನೂ ನಿಷೇಧಿಸಲಾಯಿತು. ಕೆನಡಾ ಹೆಬ್ಬಾತಿನ ಸಾಮಾನ್ಯ ಬೇಟೆಯಲ್ಲಿ ಧ್ವನಿಮುದ್ರಿತ ಕೂಗನ್ನು ಬಳಸುವಂತೆಯೂ ಇಲ್ಲ. ಉಳಿದದ್ದು ಮನುಷ್ಯನ ಉಸಿರು ಮತ್ತು ಒಂದು ಕೊಳವೆ. ಕರೆಯುವುದು ಒಂದು ಕಲೆಯಾಗಿ ಬೆಳೆಯಲು ಈ ಕಾಯ್ದೆಗಳ ಪಾಲೂ ಇದೆ.

ಕಾಯ್ದೆ ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದ ಉತ್ತರದ ತುದಿಯಲ್ಲಿ ಗೂಡುಕಟ್ಟಿ, ಚೆಸಪೀಕ್ ಕೊಲ್ಲಿಗೆ ಬರುವ ಹೆಬ್ಬಾತುಗಳ ಸಂಖ್ಯೆ 1980ರ ದಶಕದ ಕೊನೆಯಿಂದ ಇಳಿಯುತ್ತ ಹೋಯಿತು. 1995ರಲ್ಲಿ ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ಈ ವಲಸೆ ಹೆಬ್ಬಾತುಗಳ ಬೇಟೆಯನ್ನೇ ನಿಲ್ಲಿಸಲಾಯಿತು. ವಿಶ್ವ ಚಾಂಪಿಯನ್ನರನ್ನು ಆರಿಸುವ ಈಸ್ಟನ್ನಿನ ಸುತ್ತಮುತ್ತಲ ಹೊಲಗಳಲ್ಲೇ ಕರೆಯಬಲ್ಲವರಿದ್ದರು, ಹಾರಿಸಲು ಅನುಮತಿ ಇರಲಿಲ್ಲ. ಕೆಲವು ವರ್ಷಗಳ ಈ ಸಂಯಮ ಫಲ ಕೊಟ್ಟಿತು. ಹಕ್ಕಿಗಳು ಚೇತರಿಸಿಕೊಂಡ ಮೇಲೆಯೇ, ಬಿಗಿಯಾದ ಮಿತಿಗಳೊಂದಿಗೆ ಬೇಟೆ ಮತ್ತೆ ಆರಂಭವಾಯಿತು. ಹೆಬ್ಬಾತೇ ಬಾರದಿದ್ದರೆ ಎಷ್ಟು ಚೆನ್ನಾಗಿ ಕರೆದರೇನು ಎಂಬುದು ಆ ವರ್ಷಗಳಲ್ಲಿ ಎಲ್ಲರಿಗೂ ಮನವರಿಕೆಯಾಯಿತು.

ಹೆಬ್ಬಾತಿಗಾಗಿ ಶಾಲೆಗೆ ರಜೆ

ಕೊಳವೆಯೇ ಇಲ್ಲದೆ ಕರೆಯುವವರೂ ಇದ್ದಾರೆ. ಕ್ವಿಬೆಕ್‌ನ ಜೇಮ್ಸ್ ಕೊಲ್ಲಿಯ ದಂಡೆಯಲ್ಲಿ ನೆಲೆಸಿರುವ ಕ್ರೀ ಜನ ಬರಿಯ ಬಾಯಿಯಿಂದಲೇ ಹೆಬ್ಬಾತನ್ನು ಕರೆಯಬಲ್ಲರು. ಅವರಿಗೆ ಇದು ಆಟವಲ್ಲ, ತಲೆಮಾರುಗಳಿಂದ ಬಂದ ಅನ್ನದ ದಾರಿ. ವಸಂತದಲ್ಲಿ ಹಿಂಡುಗಳು ಉತ್ತರಕ್ಕೆ ಮರಳುವಾಗ ಕ್ರೀ ಊರುಗಳ ಶಾಲೆಗಳಿಗೆ ಸುಮಾರು ಎರಡು ವಾರ ರಜೆ. ಹೆಸರೇ ‘ಗೂಸ್ ಬ್ರೇಕ್’. ಸುಗ್ಗಿಗೆ ಹಳ್ಳಿಯ ಮನೆಗಳು ಹೊಲದ ಕಡೆ ಮುಖಮಾಡುವಂತೆ ಅಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳೆಲ್ಲ ಬೀಡಾರಗಳಿಗೆ ಹೊರಡುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಮಂಜುಗಡ್ಡೆ ಎಲ್ಲಿ ತೆಳು, ಎಷ್ಟು ಹಕ್ಕಿ ಸಾಕು ಎಂಬುದನ್ನು ಮಕ್ಕಳು ಅಲ್ಲಿ ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುತ್ತಾರೆ. ಸಿಕ್ಕಿದ್ದನ್ನು ಹಂಚಿಕೊಂಡು ಉಣ್ಣುವುದು ಆ ಪಾಠದ ಭಾಗವೇ.

ವಿದ್ಯಾರ್ಥಿಗಳಿಗೆ ಈ ವಿದ್ಯೆ ಇನ್ನೊಂದು ರೀತಿಯಲ್ಲೂ ನೆರವಾಗಿದೆ. ಹೆಬ್ಬಾತಿನ ಸ್ಪರ್ಧೆಗಿಂತ ಹಳೆಯದು ಬಾತುಕೋಳಿ ಕರೆಯುವ ಸ್ಪರ್ಧೆ. ಅರ್ಕನ್ಸಾ ರಾಜ್ಯದ ಸ್ಟಟ್‌ಗಾರ್ಟ್ ಪಟ್ಟಣದಲ್ಲಿ ಅದು 1936ರಲ್ಲಿ ಆರಂಭವಾಯಿತು. ಗಂಡಸರದ್ದೇ ಎಂದು ತಿಳಿದಿದ್ದ ಈ ಕಣದಲ್ಲಿ 1955 ಮತ್ತು 1956ರಲ್ಲಿ ವಿಶ್ವ ಪ್ರಶಸ್ತಿ ಗೆದ್ದವರು ಪ್ಯಾಟ್ ಪೀಕಾಕ್ ಎಂಬ ಮಹಿಳೆ. ಕಾಲ್ ತಯಾರಿಸುವ ಮನೆತನದಲ್ಲಿ ಬೆಳೆದವರು ಅವರು. ಆ ಮನೆಯ ಚಿಕ್ ಮತ್ತು ಸೋಫಿ ಮೇಜರ್ ದಂಪತಿಯ ನೆನಪಿನಲ್ಲಿ ಅಲ್ಲಿ ಪ್ರೌಢಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಸ್ಪರ್ಧೆ ನಡೆಯುತ್ತದೆ. ಗೆದ್ದವರಿಗೆ ಬಹುಮಾನವಾಗಿ ಸಿಗುವುದು ಕಾಲೇಜು ಓದಿಗೆ ವಿದ್ಯಾರ್ಥಿವೇತನ.

ಕೋವಿಯಿಲ್ಲದ ಕರೆ

ಹಕ್ಕಿಯ ಭಾಷೆ ಕಲಿತವರೆಲ್ಲ ಕೋವಿ ಹಿಡಿದವರಲ್ಲ. ಆಸ್ಟ್ರಿಯದ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ ಬೂದು ಹೆಬ್ಬಾತುಗಳ ನಡುವೆಯೇ ಬದುಕಿದವರು. ಮೊಟ್ಟೆಯೊಡೆದು ಹೊರಬಂದ ಮಾರ್ಟಿನಾ ಎಂಬ ಮರಿ ಅವರನ್ನೇ ತಾಯಿಯೆಂದು ತಿಳಿದು ಹಿಂಬಾಲಿಸಿತು. ರಾತ್ರಿಯೆಲ್ಲ ಅದು ಎಚ್ಚೆತ್ತು ‘ಇದ್ದೀಯಾ?’ ಎನ್ನುವಂತೆ ಕೂಗುತ್ತಿತ್ತು. ಲೊರೆನ್ಜ್ ಅದರ ಭಾಷೆಯಲ್ಲೇ ‘ಇದ್ದೇನೆ’ ಎಂದು ಉತ್ತರಿಸುತ್ತಿದ್ದರು. ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ಅವರು ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಕೆನಡಾದ ಬಿಲ್ ಲಿಶ್ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಾವು ಸಾಕಿದ ಕೆನಡಾ ಹೆಬ್ಬಾತಿನ ಮರಿಗಳಿಗೆ ಪುಟ್ಟ ವಿಮಾನದ ಹಿಂದೆ ಹಾರುವುದನ್ನು ಕಲಿಸಿ, 1993ರಲ್ಲಿ ಸಂಗಡಿಗ ಜೋಸೆಫ್ ಡಫ್ ಜೊತೆ ಅವನ್ನು ಆಂಟೇರಿಯೊದಿಂದ ಅಮೆರಿಕದ ವರ್ಜೀನಿಯಾಕ್ಕೆ ಕರೆದೊಯ್ದರು. 1996ರ ‘ಫ್ಲೈ ಅವೇ ಹೋಮ್’ ಚಲನಚಿತ್ರಕ್ಕೆ ಸ್ಫೂರ್ತಿ ಈ ಸಾಹಸವೇ. ಮುಂದೆ ಇದೇ ವಿಧಾನದಿಂದ, ಅಳಿವಿನ ಅಂಚಿನಲ್ಲಿದ್ದ ವೂಪಿಂಗ್ ಕ್ರೇನ್ ಎಂಬ ಬಿಳಿ ಕೊಕ್ಕರೆಗಳಿಗೆ 2001ರಲ್ಲಿ ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಕ್ಕೆ ದಾರಿ ತೋರಿಸಲಾಯಿತು. ದಾರಿಯುದ್ದಕ್ಕೂ ವಿಮಾನದಿಂದ ಕೇಳಿಸುತ್ತಿದ್ದುದು ಮರಿಗಳನ್ನು ಕರೆಯುವ ತಾಯಿಹಕ್ಕಿಯ ದನಿ.

ಕರ್ನಾಟಕಕ್ಕೂ ಪ್ರತಿ ಚಳಿಗಾಲ ಹೆಬ್ಬಾತುಗಳು ಬರುತ್ತವೆ. ಅವು ಕೆನಡಾದವಲ್ಲ, ಹಿಮಾಲಯ ದಾಟಿ ಮಧ್ಯ ಏಷ್ಯಾದಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಅವುಗಳ ಹೆಸರಾಂತ ಬೀಡು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿ ಹೆಬ್ಬಾತಿನ ಬೇಟೆ ಅಪರಾಧ. ಪೀಪಿ ಊದಿಯೋ ಧ್ವನಿಮುದ್ರಣ ಕೇಳಿಸಿಯೋ ದಣಿದು ಬಂದ ಹಕ್ಕಿಯನ್ನು ಗೊಂದಲಕ್ಕೆ ಈಡುಮಾಡುವುದೂ ಸಲ್ಲದು.

ಕೇಳುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ರಜೆಯಲ್ಲೊಂದು ಬೆಳಗಿನ ಜಾವ ಮಕ್ಕಳನ್ನು ಕರೆದುಕೊಂಡು ಆ ಕೆರೆಯ ದಂಡೆಯಲ್ಲಿ ಅರ್ಧ ಗಂಟೆ ಸದ್ದಿಲ್ಲದೆ ಕುಳಿತರೆ ಸಾಕು. ಹೊಲದಿಂದ ಮರಳುವ ಹಿಂಡು ದೂರದಿಂದ ಕೂಗುವುದು ಒಂದು ಬಗೆ, ನೀರಿಗಿಳಿಯುವಾಗ ಇನ್ನೊಂದು ಬಗೆ, ಇಳಿದ ಮೇಲಿನ ಗೊಣಗಾಟ ಮತ್ತೊಂದು ಬಗೆ. ಈಸ್ಟನ್ನಿನ ಪರದೆಯ ಹಿಂದೆ ಕುಳಿತ ತೀರ್ಪುಗಾರರು ಕಿವಿಗೊಟ್ಟು ಹುಡುಕುವುದೂ ಇಂಥ ವ್ಯತ್ಯಾಸಗಳನ್ನೇ.